ರಾತ್ರಿಯ ಅಂಕಿಗಳು ಎಲ್ಲಿ ಹೋದವು

ಫೆಬ್ರವರಿಯ ಒಂದು ಶನಿವಾರ ರಾತ್ರಿ, ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ, ಊಟದ ಮೇಜಿನ ಮೇಲೆ ನಾನು ಹರಡಿಕೊಂಡಿದ್ದ ಗಾಳಿಮಾಪನದ ಹಾಳೆಗಳನ್ನು ಅಪ್ಪ ಕೈಗೆತ್ತಿಕೊಂಡರು. ಅದರಲ್ಲಿದ್ದ ರಾಸಾಯನಿಕಗಳ ಹೆಸರು ಅವರಿಗೆ ಬೇಕಿರಲಿಲ್ಲ. ಎಡಗಡೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟು ಕೆಳಗೆ ಇಳಿಸುತ್ತಾ ಹೋದವರು ಒಂದು ಕಡೆ ನಿಂತರು.

"4117 ಆದ ಮೇಲೆ 4126 ಬಂದಿದೆ. ನಡುವಿನ ಎಂಟು ಎಲ್ಲಿ?"

ಅಪ್ಪ ಮಾಟುಂಗಾದ ಒಂದು ಹೋಟೆಲಿನ ಗಲ್ಲಾದಲ್ಲಿ ಇಪ್ಪತ್ತಾರು ವರ್ಷ ಕೂತವರು. 1982ರಲ್ಲಿ, ಗಿರಣಿ ಮುಷ್ಕರ ಶುರುವಾದ ವರ್ಷ, ಹೆಬ್ರಿಯಿಂದ ಬಸ್ಸು ಹತ್ತಿ ಬಂದು, ಹಗಲು ಟೇಬಲ್ ಒರೆಸಿ, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಗಲ್ಲಾಕ್ಕೆ ಏರಿದವರು. ಅವರಿಗೆ ಬಿಲ್ ಪುಸ್ತಕ ಅಂದರೆ ಅದರ ಕ್ರಮಸಂಖ್ಯೆ. ದಿನದ ಮೊತ್ತ ಹೆಚ್ಚಿರಲಿ ಕಡಿಮೆಯಿರಲಿ, ಅದನ್ನು ನಾಳೆ ನೋಡಬಹುದು. ನಡುವಿನ ಒಂದು ಬಿಲ್ಲು ಕಾಣದಿದ್ದರೆ ಮಾತ್ರ ಆ ರಾತ್ರಿಯೇ ಹುಡುಕಬೇಕು. ಹರಿದು ಹೋದದ್ದೋ, ಯಾರೋ ಕಿಸೆಗೆ ಹಾಕಿದ್ದೋ, ಗೊತ್ತಾಗದೆ ಗಲ್ಲಾ ಮುಚ್ಚುವ ಹಾಗಿಲ್ಲ.

"ಸಿಗ್ನಲ್ ಸಿಕ್ಕಿರಲಿಕ್ಕಿಲ್ಲ ಅಪ್ಪ, ಅಲ್ಲೊಂದು ಇಲ್ಲೊಂದು ಬಿಟ್ಟುಹೋಗುತ್ತದೆ" ಎಂದೆ.

"ಅಲ್ಲೊಂದು ಇಲ್ಲೊಂದು ಅಲ್ಲ, ಎಂಟೂ ಒಟ್ಟಿಗೆ ಹೋಗಿವೆ. ಮೊನ್ನೆಯೂ ಹೀಗೇ ಇದೆ ನೋಡು" ಎಂದು ಹಾಳೆ ನನ್ನ ಕಡೆ ತಿರುಗಿಸಿದರು.

ನಾಲ್ಕು ತಿಂಗಳಿಂದ ಅದೇ ಹಾಳೆಗಳನ್ನು ನೋಡುತ್ತಿದ್ದ ನಾನು ಆ ಸಾಲನ್ನು ಒಮ್ಮೆಯೂ ಓದಿರಲಿಲ್ಲ.

ನಾನು ರಸಾಯನಶಾಸ್ತ್ರ ಓದಿದವಳು. ಮುಂಬಯಿಯ ಒಂದು ಪ್ರಯೋಗಾಲಯದಲ್ಲಿ ಗಾಳಿಯಲ್ಲಿರುವ ಆವಿಗಳನ್ನು ಅಳೆಯುವುದು ನನ್ನ ಕೆಲಸ. ವಡಾಲಾದ ಕಡೆ ಲಾರಿಗಳೂ ಟ್ಯಾಂಕರುಗಳೂ ಸಾಲುಗಟ್ಟಿ ನಿಲ್ಲುವ ಒಂದು ರಸ್ತೆಯಲ್ಲಿ, ಬೈಂದೂರಿನವರೊಬ್ಬರ ಸಣ್ಣ ಹೋಟೆಲಿನ ಮುಂದೆ, ನಾವೊಂದು ಡಬ್ಬಿ ತೂಗುಹಾಕಿದ್ದೆವು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮೀನಿನ ಊಟ, ರಾತ್ರಿ ಡ್ರೈವರುಗಳಿಗೆ ಚಪಾತಿ ಕೊಡುವ ಹೋಟೆಲು ಅದು. ಡಬ್ಬಿಯೊಳಗೆ ಎರಡು ಸೆನ್ಸರ್. ಒಂದು ಲೇಸರ್ ಬೆಳಕು ಚೆಲ್ಲಿ, ಧೂಳಿನ ಕಣಗಳಿಗೆ ತಾಗಿ ಅದು ಎಷ್ಟು ಚೆದುರಿತು ಎಂದು ನೋಡಿ ಪಿಎಂ 2.5 ಲೆಕ್ಕ ಹಾಕುತ್ತದೆ. 2.5 ಮೈಕ್ರೊಮೀಟರಿಗಿಂತ ಸಣ್ಣ ಈ ಕಣಗಳು ಮೂಗು, ಗಂಟಲು ದಾಟಿ ಶ್ವಾಸಕೋಶದ ಗಾಳಿಚೀಲದವರೆಗೆ ಇಳಿಯುತ್ತವೆ. ಇನ್ನೊಂದು ಎಂಜಿನ್ನುಗಳಿಂದ ಹೊರಡುವ ನೈಟ್ರೋಜನ್ ಡೈಆಕ್ಸೈಡ್ ಅಳೆಯುವ ವಿದ್ಯುದ್ರಾಸಾಯನಿಕ ಸೆನ್ಸರ್. ಈ ಅನಿಲ ಶ್ವಾಸನಾಳವನ್ನು ಕೆರಳಿಸುತ್ತದೆ, ಆಸ್ತಮಾ ಇರುವವರನ್ನು ಹೆಚ್ಚು ಕಾಡುತ್ತದೆ.

ಅಗ್ಗದ ಸೆನ್ಸರ್‌ಗಳನ್ನು ಹಾಗೇ ನಂಬುವಂತಿಲ್ಲ. ಮಳೆಗಾಲದ ಮುಂಬಯಿಯಲ್ಲಿ ಕಣಗಳು ತೇವ ಹೀರಿ ಊದಿಕೊಳ್ಳುತ್ತವೆ. ಲೇಸರ್‌ಗೆ ಊದಿದ ಕಣವೂ ದೊಡ್ಡ ಕಣವೇ, ಹಾಗಾಗಿ ಹೊಗೆಯಿಲ್ಲದ ದಿನವೂ ಅಂಕಿ ಏರಿ ಕೂರುತ್ತದೆ. ನೈಟ್ರೋಜನ್ ಡೈಆಕ್ಸೈಡಿನ ಸೆನ್ಸರ್ ಓಝೋನ್ ಬಂದರೂ ಓಗೊಡುತ್ತದೆ. ಅದಕ್ಕೇ ಮೊದಲು ಎರಡು ವಾರ ಡಬ್ಬಿಯನ್ನು ದೊಡ್ಡ ಮಾಪನ ಕೇಂದ್ರದ ಪಕ್ಕದಲ್ಲಿ ಕೂರಿಸಿ, ಎರಡರ ಅಂಕಿ ತಾಳೆ ನೋಡಿ, ತಿದ್ದುಪಡಿ ಲೆಕ್ಕ ಮಾಡಿಕೊಂಡು, ಆಮೇಲೆ ಹೋಟೆಲಿಗೆ ತಂದೆವು. ಈ ಕೆಲಸವನ್ನೆಲ್ಲ ಶ್ರದ್ಧೆಯಿಂದಲೇ ಮಾಡಿದ್ದೆ. ಬಂದ ಅಂಕಿ ಸರಿಯೇ ತಪ್ಪೇ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಬಾರದೇ ಉಳಿದ ಅಂಕಿಗಳ ಕಡೆ ನನ್ನ ಗಮನವೇ ಹರಿದಿರಲಿಲ್ಲ.

ಡಬ್ಬಿಯ ಅಂಕಿಗಳು ನಮ್ಮವರೆಗೆ ಬರುವುದು ಲೋರಾ ಎಂಬ ನಿಸ್ತಂತು ವಿಧಾನದಲ್ಲಿ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು. ಕೋಗಿಲೆ ಕೂಗುವಾಗ ಸ್ವರ ಕೆಳಗಿಂದ ಮೇಲಕ್ಕೆ ಏರುತ್ತಾ ಹೋಗುತ್ತದಲ್ಲ, ಲೋರಾದ ಸಂಕೇತವೂ ಹಾಗೇ ಕಂಪನಾಂಕದಲ್ಲಿ ಏರುತ್ತಾ ಹೋಗುತ್ತದೆ. ಬಸ್ಸು, ಹಾರ್ನ್ ಏನೇ ಗದ್ದಲವಿದ್ದರೂ ಕೋಗಿಲೆಯ ಕೂಗನ್ನು ಕಿವಿ ಬೇರೆ ಮಾಡಿ ಹಿಡಿಯುವ ಹಾಗೆ, ಸದ್ದಿಗಿಂತ ಕ್ಷೀಣವಾದ ಲೋರಾ ಸಂಕೇತವನ್ನೂ ಅದನ್ನು ಹಿಡಿಯಲು ಇಟ್ಟ ಪೆಟ್ಟಿಗೆಯಾದ ಗೇಟ್‌ವೇ ಹೆಕ್ಕಿ ತೆಗೆಯುತ್ತದೆ. ಅದಕ್ಕೆ ಪ್ರತಿಯಾಗಿ ನಿಧಾನವನ್ನು ಒಪ್ಪಿಕೊಳ್ಳಬೇಕು. ಒಂದು ಸಲಕ್ಕೆ ಹತ್ತಾರು ಬೈಟ್ ಮಾತ್ರ ಕಳಿಸಬಹುದು, ಒಂದು ಫೋಟೋ ಕೂಡ ಹೋಗುವುದಿಲ್ಲ. ನಮಗೆ ಬೇಕಾದ್ದು ನಾಲ್ಕೈದು ಅಂಕಿ ಮಾತ್ರ. ಒಂದೂವರೆ ಕಿಲೊಮೀಟರ್ ಆಚೆ ಆಂಟಾಪ್ ಹಿಲ್ ಕಡೆಯ ಒಂದು ಕಟ್ಟಡದ ತಾರಸಿಯಲ್ಲಿ ನಮ್ಮ ಗೇಟ್‌ವೇ. ಹದಿನೈದು ನಿಮಿಷಕ್ಕೊಂದು ಪ್ಯಾಕೆಟ್, ಅಂದರೆ ಅಂಕಿಗಳ ಒಂದು ಪುಟ್ಟ ಕಟ್ಟು, ದಿನಕ್ಕೆ 96.

ಈ ಪ್ಯಾಕೆಟ್ಟು ಅಂಚೆಗೆ ಹಾಕಿದ ಕಾರ್ಡಿನ ಹಾಗೆ. ತಲುಪಿತು ಎಂದು ಸಹಿ ಹಾಕಿ ವಾಪಸು ಕಳಿಸುವ ರಿಜಿಸ್ಟರ್ ಎಡಿ ವ್ಯವಸ್ಥೆಯೂ ಲೋರಾದಲ್ಲಿದೆ, ಬ್ಯಾಟರಿ ಉಳಿಸಲು ನಾವು ಅದನ್ನು ಬಳಸಿರಲಿಲ್ಲ. ಆದರೆ ಪ್ರತಿ ಪ್ಯಾಕೆಟ್ಟಿನ ಮೇಲೂ ಒಂದು ಕ್ರಮಸಂಖ್ಯೆ ಇರುತ್ತದೆ. ಅಪ್ಪ ಬೆರಳಿಟ್ಟದ್ದು ಆ ಕ್ರಮಸಂಖ್ಯೆಯ ಮೇಲೆ.

ಆ ರಾತ್ರಿ ಕೂತು, ನಾಲ್ಕು ತಿಂಗಳಲ್ಲಿ ಕಾಣೆಯಾದ ಸಂಖ್ಯೆಗಳನ್ನೆಲ್ಲ ಗಂಟೆಗಳಿಗೆ ಹಂಚಿದೆ. ಹಗಲಿನಲ್ಲಿ ಅಲ್ಲೊಂದು ಇಲ್ಲೊಂದು, ನಾನು ಹೇಳಿದ ಹಾಗೆಯೇ. ರಾತ್ರಿ ಹತ್ತೂವರೆ ದಾಟಿದ ಮೇಲೆ ಸಾಲುಸಾಲಾಗಿ ಖಾಲಿ. ವಾರದಲ್ಲಿ ನಾಲ್ಕೈದು ರಾತ್ರಿ ಹಾಗೆ, ಕೆಲವೊಮ್ಮೆ ಎರಡು ಗಂಟೆ, ಕೆಲವೊಮ್ಮೆ ಐದು. ಭಾನುವಾರ ರಾತ್ರಿ ಮಾತ್ರ ಬಹುತೇಕ ಪೂರ್ತಿ ಬಂದಿತ್ತು. ಯಂತ್ರ ಕೆಟ್ಟಿದ್ದರೆ ಅದಕ್ಕೆ ಭಾನುವಾರ ಗೊತ್ತಾಗುತ್ತದೆಯೆ?

ಮರುದಿನ ಬೆಳಿಗ್ಗೆ ಕುರ್ಲಾದಲ್ಲಿ ಹಾರ್ಬರ್ ಲೈನಿಗೆ ಬದಲಾಯಿಸಿ ವಡಾಲಾಕ್ಕೆ ಹೋದೆ. ಹೋಟೆಲಿನ ಯಜಮಾನರಾದ ಅಣ್ಣ ತವಾದ ಮುಂದೆ ನಿಂತಿದ್ದರು. ರಾತ್ರಿ ಹತ್ತರ ಮೇಲೆ ಇಲ್ಲಿ ಏನಾಗುತ್ತದೆ ಅಣ್ಣ ಎಂದು ಕೇಳಿದೆ. ಅವರು ತಿರುಗಿಯೂ ನೋಡದೆ ಹೇಳಿದರು: "ಎಂತ ಆಪುದು ತಂಗಿ, ಟ್ಯಾಂಕರ್ ಬಂದ್ ನಿಲ್ತ್. ಅದ್ ನಿಂತ್ರೆ ರಸ್ತೆಯಿಂದ ನಿಮ್ ಡಬ್ಬಿ ಕಾಂಬುಕೇ ಆತಿಲ್ಲೆ."

ಡಬ್ಬಿ ಇದ್ದದ್ದು ಎಂಟಡಿ ಎತ್ತರದಲ್ಲಿ, ತಗಡಿನ ಮಾಡಿನ ಅಂಚಿಗೆ. ಆಂಟೆನಾ ಡಬ್ಬಿಯ ಮೇಲೆಯೇ. ಟ್ಯಾಂಕರ್ ಅದಕ್ಕಿಂತ ಎತ್ತರ. 866 ಮೆಗಾಹರ್ಟ್ಸಿನ ಅಲೆ ಸುಮಾರು 35 ಸೆಂಟಿಮೀಟರ್ ಉದ್ದ. ಕಂಬವೊಂದು ಅಡ್ಡ ಬಂದರೆ ಅದು ಬಳಸಿಕೊಂಡು ಹೋದೀತು. ಮೂವತ್ತಡಿ ಉದ್ದದ ಉಕ್ಕಿನ ಟ್ಯಾಂಕ್ ಮೂರಡಿ ದೂರದಲ್ಲಿ ಬಂದು ನಿಂತರೆ ಆಚೆ ಕಡೆ ನೆರಳು ಬೀಳುತ್ತದೆ. ನಮ್ಮ ಗೇಟ್‌ವೇ ಆ ನೆರಳಿನಲ್ಲಿತ್ತು.

ಸಿಗ್ನಲ್ ಹೋದ ಕಥೆ ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅಲೆಗೆ ಅಡ್ಡ ನಿಂತ ಟ್ಯಾಂಕರೇ ಹೊಗೆಯನ್ನೂ ಬಿಡುತ್ತಿತ್ತು. ಸಾಲು ಆಗಾಗ ಹತ್ತಡಿ ಮುಂದೆ ಸರಿಯುವುದರಿಂದ ಡ್ರೈವರುಗಳು ಎಂಜಿನ್ ಆರಿಸುವುದಿಲ್ಲ. ಅಂದರೆ ಗಾಳಿ ಅತ್ಯಂತ ಕೆಟ್ಟದಾಗಿರುವ ಹೊತ್ತಿಗೇ ನಮ್ಮ ಡಬ್ಬಿಯ ಬಾಯಿ ಕಟ್ಟಿಹೋಗುತ್ತಿತ್ತು. ಅಲ್ಲೊಂದು ಇಲ್ಲೊಂದು ಅಂಕಿ ಬಿಟ್ಟುಹೋದರೆ ಸರಾಸರಿಗೆ ದೊಡ್ಡ ತೊಂದರೆಯಿಲ್ಲ. ಕೆಟ್ಟ ಗಂಟೆಗಳನ್ನೇ ಆರಿಸಿ ಆರಿಸಿ ಕಳೆದರೆ ಉಳಿದ ಸರಾಸರಿ ಸುಳ್ಳಾಗುತ್ತದೆ, ಅದರಲ್ಲಿರುವ ಒಂದೊಂದು ಅಂಕಿಯೂ ನಿಜವಾಗಿದ್ದರೂ.

ಬಾರದ ಅಂಕಿಗಳನ್ನು ಬದಿಗಿಟ್ಟು ಬಂದವುಗಳ ಸರಾಸರಿ ತೆಗೆ ಎಂದು ಕಂಪ್ಯೂಟರಿಗೆ ಹೇಳಿದ ಸಾಲನ್ನು ಬರೆದವಳು ನಾನೇ. ನಿಯಮವನ್ನೇನೂ ಮೀರಿರಲಿಲ್ಲ. 2015ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕದ ಪ್ರಕಾರ ದಿನದ ಲೆಕ್ಕಕ್ಕೆ ಕನಿಷ್ಠ 16 ಗಂಟೆಗಳ ಅಂಕಿ ಇದ್ದರೆ ಸಾಕು. ನನ್ನ ಬಳಿ ಯಾವ ದಿನವೂ 19ಕ್ಕೆ ಕಡಿಮೆ ಇರಲಿಲ್ಲ. ಆ ನಿಯಮ ಯಂತ್ರ ನಿಲ್ಲುವುದನ್ನೂ ಕರೆಂಟು ಹೋಗುವುದನ್ನೂ ಮನಸ್ಸಿನಲ್ಲಿಟ್ಟು ಮಾಡಿದ್ದು, ಅದರಲ್ಲಿ ತಪ್ಪಿಲ್ಲ. ಎಷ್ಟು ಗಂಟೆ ಹೋಯಿತು ಎಂದು ಅದು ಕೇಳುತ್ತದೆ. ಯಾವ ಗಂಟೆ ಹೋಯಿತು ಎಂದು ಕೇಳಬೇಕಾದವಳು ನಾನು.

ಪುಣ್ಯಕ್ಕೆ ಡಬ್ಬಿಯೊಳಗೆ ಒಂದು ಮೆಮೊರಿ ಕಾರ್ಡ್ ಇತ್ತು. ಕಳಿಸಿದ ಪ್ರತಿ ಅಂಕಿಯ ಒಂದು ನಕಲು ಅದರಲ್ಲಿ ಉಳಿಯುತ್ತದೆ. ಅಣ್ಣನ ಏಣಿ ಹತ್ತಿ ಕಾರ್ಡ್ ತೆಗೆದು, ಹೋಟೆಲಿನ ಮೂಲೆಯ ಟೇಬಲಿನಲ್ಲೇ ಲ್ಯಾಪ್‌ಟಾಪಿಗೆ ಹಾಕಿ, ಕಾಣೆಯಾದ ಗಂಟೆಗಳನ್ನು ಅವುಗಳ ಜಾಗದಲ್ಲಿ ಕೂರಿಸುತ್ತಾ ಹೋದೆ. ನಮ್ಮ ದೇಶದ ಮಾನದಂಡದಲ್ಲಿ, 2009ರದ್ದು, ಪಿಎಂ 2.5 ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೊಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ನಾನು ಹಸಿರು ಬಣ್ಣ ಬಳಿದು 'ಮಿತಿಯೊಳಗೆ' ಎಂದು ಬರೆದಿಟ್ಟಿದ್ದ ಎಷ್ಟೋ ದಿನಗಳು ಒಂದೊಂದಾಗಿ 60ರ ಗೆರೆ ದಾಟಿದವು. ಹದಿನೈದರ ಮಾತು ಬಿಡಿ, ಮುಂಬಯಿಯ ಚಳಿಗಾಲದಲ್ಲಿ ಅದು ದೂರದ ಊರು.

ಆ ಗಂಟೆಗಳಲ್ಲಿ ಅಲ್ಲಿ ಉಸಿರಾಡುತ್ತಿದ್ದವರು ಯಾರು ಎಂದು ಹೊಳೆದದ್ದು ತಲೆಯೆತ್ತಿ ನೋಡಿದಾಗ. ಹೋಟೆಲಿನ ಅಟ್ಟದ ಮೇಲೆ ಆರು ಹುಡುಗರು ಮಲಗುತ್ತಾರೆ. ಇಬ್ಬರು ಬೈಂದೂರಿನ ಕಡೆಯವರು, ಮೂವರು ಕಲಬುರಗಿಯವರು, ಒಬ್ಬ ಉತ್ತರಪ್ರದೇಶದವನು. ಅಟ್ಟದ ಕಿಟಕಿ ರಸ್ತೆಗೆ. ಕೆಳಗೆ ಟ್ಯಾಂಕರುಗಳ ಸಾಲು. ನಮ್ಮ ಅಪ್ಪನೂ ಒಂದು ಕಾಲದಲ್ಲಿ ಹೀಗೇ ಒಂದು ಅಟ್ಟದ ಮೇಲೆ ಮಲಗುತ್ತಿದ್ದವರು. ಒಬ್ಬ ಹುಡುಗ ಬೆಳಿಗ್ಗೆ ಎದ್ದರೆ ಅರ್ಧ ಗಂಟೆ ಕೆಮ್ಮುತ್ತಾನೆ ಎಂದು ಹೋಟೆಲಿನ ಅಕ್ಕ ನನಗೆ ನವೆಂಬರಿನಲ್ಲೇ ಹೇಳಿದ್ದರು. ಅವನ ಕೆಮ್ಮಿಗೆ ಇದೇ ಕಾರಣ ಎಂದು ನಾನು ಹೇಳಲಾರೆ, ಒಂದು ಡಬ್ಬಿಯಿಂದ ಅಷ್ಟು ದೊಡ್ಡ ಮಾತು ಹುಟ್ಟುವುದಿಲ್ಲ. ಆದರೆ ಅಕ್ಕ ಆ ಮಾತು ಹೇಳಿದಾಗ ಹಸಿರು ಬಣ್ಣದ ಹಾಳೆ ತೋರಿಸಿ "ಇಲ್ಲಿ ಅಷ್ಟೇನೂ ಕೆಟ್ಟಿಲ್ಲ ಅಕ್ಕ" ಎಂದಿದ್ದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ಭಾನುವಾರವೇ ಅಡುಗೆಮನೆಗೆ ಹೋಗಿ, ನಾನು ಹೇಳಿದ್ದು ತಪ್ಪಾಗಿತ್ತು ಅಕ್ಕ ಎಂದು ಹೇಳಿ ಬಂದೆ.

ಅಕ್ಕನಿಗೆ ಡಬ್ಬಿಯ ಬಗ್ಗೆ ಮೊದಲಿನಿಂದಲೂ ಬೇರೆಯೇ ಒಂದು ಭಯ. ಅದರ ಆಂಟೆನಾದಿಂದ ಬರುವ ರೇಡಿಯೇಷನ್‌ನಿಂದ ಕ್ಯಾನ್ಸರ್ ಬರುತ್ತದಾ ಎಂದು. ಈ ಪ್ರಶ್ನೆಯನ್ನು ತಳ್ಳಿಹಾಕುವ ವಿಜ್ಞಾನಿಗಳು ನನಗೆ ಸರಿ ಕಾಣುವುದಿಲ್ಲ. ತನ್ನ ಮನೆಯ ಮುಂದೆ ಯಾರೋ ತಂದು ತೂಗುಹಾಕಿದ ವಸ್ತು ಏನು ಮಾಡುತ್ತದೆ ಎಂದು ಕೇಳುವ ಹಕ್ಕು ಅವರಿಗಿದೆ. ಹಾಗಾಗಿ ಕೂತು ಹೇಳಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೊ ಅಲೆಗಳನ್ನು 2ಬಿ ಗುಂಪಿಗೆ ಸೇರಿಸಿತು: ಕ್ಯಾನ್ಸರ್ ತರಬಹುದೇನೋ, ಪುರಾವೆ ಸಾಲದು ಎಂಬ ಗುಂಪು. ಅದೇ ಸಂಸ್ಥೆ ಡೀಸೆಲ್ ಹೊಗೆಯನ್ನು 2012ರಲ್ಲಿ, ಹೊರಗಿನ ಮಲಿನ ಗಾಳಿಯನ್ನು 2013ರಲ್ಲಿ ಒಂದನೇ ಗುಂಪಿಗೆ ಸೇರಿಸಿತು: ತರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇರುವ ಗುಂಪು. ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ, ಅದನ್ನೂ ಹೇಳಿದೆ. ಇನ್ನು ನಮ್ಮ ಡಬ್ಬಿಯ ಶಕ್ತಿ 25 ಮಿಲಿವ್ಯಾಟ್, ಕಾಲು ಗಂಟೆಗೊಮ್ಮೆ ಸುಮಾರು ಅರ್ಧ ಸೆಕೆಂಡು. ಅಕ್ಕ ಎಲ್ಲ ಕೇಳಿ, "ಹಾಗಾದ್ರೆ ಹೆದರ್ಬೇಕಾದ್ದು ಟ್ಯಾಂಕರಿಗೆ" ಎಂದರು. ಹೌದು ಅಕ್ಕ, ಎರಡರಲ್ಲಿ ಮೊದಲು ಅದಕ್ಕೆ ಎಂದೆ.

ಟ್ಯಾಂಕರ್ ಅಂದ ಮೇಲೆ ಬೆಂಜೀನಿನ ಮಾತು ಬರಲೇಬೇಕು. ಪೆಟ್ರೋಲಿನಲ್ಲಿ ಅದು ಗಾತ್ರದ ಲೆಕ್ಕದಲ್ಲಿ ನೂರಕ್ಕೆ ಒಂದು ಭಾಗದವರೆಗೆ ಇರಬಹುದು, ಆವಿಯಾಗಿ ಹೊರಬರುತ್ತದೆ, ಹೊಗೆಯಲ್ಲೂ ಬರುತ್ತದೆ. ಮೂಳೆಯ ಮಜ್ಜೆಗೆ ತಗಲುತ್ತದೆ, ರಕ್ತದ ಕ್ಯಾನ್ಸರ್ ತರುತ್ತದೆ. ನಮ್ಮ ಮಾನದಂಡದಲ್ಲಿ ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೊಗ್ರಾಂ. ಇಷ್ಟಿದ್ದರೆ ಸುರಕ್ಷಿತ ಎಂಬ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ಅಗ್ಗದ ಸೆನ್ಸರಿನಿಂದ ನಂಬುವ ಹಾಗೆ ಅಳೆಯಲಾಗುವುದಿಲ್ಲ. ಹೀರುವ ಪುಡಿ ತುಂಬಿದ, ಬೆರಳಿನುದ್ದದ ಕೊಳವೆಯನ್ನು ಎರಡು ವಾರ ತೂಗುಹಾಕಿ, ತಂದು ಕಾಯಿಸಿ, ಹೊರಬಂದ ಆವಿಯನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಉಪಕರಣದಲ್ಲಿ ಬೇರ್ಪಡಿಸಬೇಕು. ಇಲ್ಲಿ ಅಲೆಯೂ ಇಲ್ಲ, ಪ್ಯಾಕೆಟ್ಟೂ ಇಲ್ಲ, ಟ್ಯಾಂಕರ್ ಅಡ್ಡ ಬಂದರೂ ಕೊಳವೆ ತನ್ನಷ್ಟಕ್ಕೆ ಹೀರುತ್ತಿರುತ್ತದೆ. ಆದರೆ ಎರಡು ವಾರಕ್ಕೆ ಒಂದೇ ಅಂಕಿ ಕೊಡುತ್ತದೆ, ಯಾವ ರಾತ್ರಿ ಎಷ್ಟಿತ್ತು ಎಂದು ಹೇಳುವುದಿಲ್ಲ.

ಕೊಳವೆಯ ಹಾಳೆಗಳಲ್ಲೂ ಖಾಲಿ ಜಾಗಗಳಿವೆ. ಪ್ರಯೋಗಾಲಯದ ಪಟ್ಟಿಯಲ್ಲಿ ಕೆಲವು ಆವಿಗಳ ಎದುರು 'ಪತ್ತೆಯಾಗಿಲ್ಲ' ಎಂದಿರುತ್ತದೆ. ಅದು ಸೊನ್ನೆಯಲ್ಲ. ಉಪಕರಣದ ಕಣ್ಣಿಗೆ ಕಾಣುವ ಕನಿಷ್ಠ ಮಟ್ಟಕ್ಕಿಂತ ಕೆಳಗಿದೆ ಎಂದಷ್ಟೇ ಅರ್ಥ. ಕೆಲವರು ಆ ಜಾಗದಲ್ಲಿ ಕನಿಷ್ಠ ಮಟ್ಟದ ಅರ್ಧ ಬರೆಯುತ್ತಾರೆ, ಕೆಲವರು ಸೊನ್ನೆಯನ್ನೇ ಬರೆದುಬಿಡುತ್ತಾರೆ, ಮತ್ತೆ ಸರಾಸರಿ ಬದಲಾಗುತ್ತದೆ. ಅಪ್ಪನ ಖಾತೆಪುಸ್ತಕ ನಮ್ಮ ಮನೆಯಲ್ಲಿ ಈಗಲೂ ಇದೆ. ವ್ಯಾಪಾರವೇ ಆಗದ ದಿನ ಅವರು 0 ಬರೆದಿದ್ದಾರೆ, ಬಂದ್ ಇದ್ದು ಹೋಟೆಲು ತೆರೆಯದ ದಿನ 'ಬಾಗಿಲು', ಅಂದರೆ ಮುಚ್ಚಿತ್ತು, ಎಂದು ಬರೆದಿದ್ದಾರೆ. ಈಗ ನನ್ನ ಹಾಳೆಯಲ್ಲೂ ಖಾಲಿ ಬಿಡುವ ಹಾಗಿಲ್ಲ: ಪ್ಯಾಕೆಟ್ ಕಳೆದದ್ದು, ಪತ್ತೆ ಮಟ್ಟಕ್ಕಿಂತ ಕೆಳಗಿದ್ದದ್ದು, ಅಳೆಯದೇ ಇದ್ದದ್ದು, ಮೂರಕ್ಕೂ ಬೇರೆ ಬೇರೆ ಗುರುತು.

ಅಪ್ಪನಿಗೆ ಬಹಳ ಹಿಡಿಸಿದ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಪ್ರತಿ ರಾಸಾಯನಿಕಕ್ಕೂ ಸಿಎಎಸ್ ಎಂಬ ಒಂದು ಗುರುತಿನ ಸಂಖ್ಯೆ ಇದೆ. ಬೆಂಜೀನ್ 71-43-2. ಕೊನೆಯ ಅಂಕೆ ತಾಳೆ ನೋಡಲು ಇಟ್ಟದ್ದು. ಅದನ್ನು ಬಿಟ್ಟು ಬಲದಿಂದ ಎಡಕ್ಕೆ ಬನ್ನಿ: ಮೂರೊಂದ್ಲ ಮೂರು, ನಾಲ್ಕೆರಡ್ಲ ಎಂಟು, ಒಂದ್ಮೂರ್ಲ ಮೂರು, ಏಳ್ನಾಲ್ಕ್ಲ ಇಪ್ಪತ್ತೆಂಟು. ಒಟ್ಟು 42, ಅದರ ಕೊನೆಯ ಅಂಕೆ 2. ಸರಿಯಾಯಿತು. ಟೈಪು ಮಾಡುವಾಗ ಒಂದು ಅಂಕೆ ತಪ್ಪಿದರೆ ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತದೆ. ಒಮ್ಮೆ ನಮ್ಮ ಲೆಕ್ಕದ ಹಾಳೆ ಡೈಕ್ಲೋರೊಮೀಥೇನಿನ 75-09-2 ಅನ್ನು ತಾರೀಕು ಎಂದುಕೊಂಡು 1975ರ ಸೆಪ್ಟೆಂಬರ್ 2 ಮಾಡಿಟ್ಟಿತ್ತು. ಅಪ್ಪ ಈಗ ಪಟ್ಟಿಯ ಸಂಖ್ಯೆಗಳನ್ನು ಪೆನ್ಸಿಲ್ ಹಿಡಿದು ತಾಳೆ ನೋಡಿಕೊಡುತ್ತಾರೆ. ಟಾಲ್ಯುಯೀನ್ 108-88-3 ಅನ್ನು ಬಾಯಲ್ಲೇ ಲೆಕ್ಕ ಹಾಕಿ 53 ಎಂದರು.

ಮಾರ್ಚಿನಲ್ಲಿ ಆಂಟೆನಾವನ್ನು ಬೇರೆ ಮಾಡಿ, ತಗಡಿನ ಮಾಡಿನ ಮೇಲೆ ಆರಡಿ ಕಬ್ಬಿಣದ ಪೈಪ್ ನಿಲ್ಲಿಸಿ ಅದರ ತುದಿಗೆ ಕಟ್ಟಿದೆವು. ಸೆನ್ಸರ್ ಇದ್ದಲ್ಲೇ ಇದೆ. ಮನುಷ್ಯರು ಉಸಿರಾಡುವ ಎತ್ತರಕ್ಕೆ ಅದು ಹತ್ತಿರ ಇರಬೇಕು. ಡಬ್ಬಿಯ ಪ್ರೋಗ್ರಾಮನ್ನೂ ತಿದ್ದಿದೆ. ದಿನಕ್ಕೊಮ್ಮೆ ಬೆಳಗಿನ ಐದಕ್ಕೆ, ರಸ್ತೆ ಖಾಲಿಯಾದ ಮೇಲೆ, ರಾತ್ರಿಯ ಅಂಕಿಗಳ ಸಾರಾಂಶವನ್ನು ಡಬ್ಬಿ ಇನ್ನೊಮ್ಮೆ ಕಳಿಸುತ್ತದೆ. ಅದಕ್ಕೆ ಮಾತ್ರ ಎಡಿ ಹಚ್ಚಿದ್ದೇನೆ, ತಲುಪಿತು ಎಂದು ಉತ್ತರ ಬರುವವರೆಗೆ ಮತ್ತೆ ಮತ್ತೆ ಕಳಿಸುತ್ತದೆ.

ಪೈಪ್ ನಿಲ್ಲಿಸಿದ ರಾತ್ರಿ ಅಲ್ಲೇ ಉಳಿದೆ. ಹನ್ನೊಂದಕ್ಕೆ ಮೊದಲ ಟ್ಯಾಂಕರ್ ಬಂತು. ಹನ್ನೊಂದೂಕಾಲಿಗೆ ಫೋನಿನಲ್ಲಿ ಪ್ಯಾಕೆಟ್ ಬಂತು. ಹನ್ನೊಂದೂವರೆಗೆ ಇನ್ನೊಂದು ಬಂತು. ಅಂಕಿ ಏರುತ್ತಾ ಹೋಗುವುದನ್ನು ನೋಡುತ್ತಾ ಖುಷಿಪಡಬೇಕೋ ಬೇಡವೋ ತಿಳಿಯದೆ ಕೂತಿದ್ದೆ. ಮೇಲೆ ಅಟ್ಟದಲ್ಲಿ ಆ ಹುಡುಗ ನಿದ್ದೆಯಲ್ಲೇ ಕೆಮ್ಮುತ್ತಿದ್ದ. ಅಣ್ಣ ಸ್ಟೀಲ್ ಲೋಟದಲ್ಲಿ ಚಹಾ ತಂದಿಟ್ಟು ನನ್ನ ಫೋನು ನೋಡಿದರು, ಆಮೇಲೆ ಅಟ್ಟದ ಕಡೆ ನೋಡಿದರು, ಏನೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಹಿಂದಿನ ಗೋಡೆಯ ಕಡೆ ಸಾಮಾನು ತುಂಬಿದ್ದ ಕೋಣೆಯನ್ನು ಖಾಲಿ ಮಾಡಿಸಿದ್ದೇನೆ, ಹುಡುಗರನ್ನು ಅಲ್ಲಿಗೆ ಕಳಿಸುವ ಮೊದಲು ಅಲ್ಲಿಯೂ ಒಂದು ಡಬ್ಬಿ ಇಟ್ಟು ನೋಡು ತಂಗಿ, ಹಿಂದೆ ಬೇಕರಿಯ ಚಿಮಣಿ ಉಂಟು ಎಂದು. ಕಟ್ಟಿಗೆಯಲ್ಲಿ ಸುಡುವ ಬೇಕರಿಗಳು ಗ್ಯಾಸಿಗೋ ಬೇರೆ ಹಸಿರು ಇಂಧನಕ್ಕೋ ಬದಲಾಗಬೇಕೆಂದು ಮುಂಬಯಿ ಹೈಕೋರ್ಟು 2025ರ ಜನವರಿಯಲ್ಲಿ ಆರು ತಿಂಗಳ ಗಡುವು ಕೊಟ್ಟದ್ದು ಅವರಿಗೆ ಗೊತ್ತು, ಆದರೆ ಆ ಚಿಮಣಿಯಲ್ಲಿ ಈಗ ಏನು ಉರಿಯುತ್ತಿದೆ ಎಂದು ಅವರು ನೋಡಿಲ್ಲ. ಎರಡನೇ ಡಬ್ಬಿ ಈಗ ಮಾಪನ ಕೇಂದ್ರದ ಪಕ್ಕದಲ್ಲಿ ತಾಳೆಗೆ ಕೂತಿದೆ. ಅದು ಹದಿನಾಲ್ಕು ದಿನ ಮುಗಿಸಿದ ಭಾನುವಾರ ತಗೊಂಡು ಹೋಗುತ್ತೇನೆ. ಅಪ್ಪನೂ ಬರುತ್ತೇನೆ ಅಂದಿದ್ದಾರೆ.